ನೆಟ್ಟಗಿದ್ದ ಹೊಲಿಗೆ ಬಿಚ್ಚಿದ ಮಳೆಗಾಲ

ಕಬ್ಬಿಣದ ಮಾತ್ರೆಯ ಪಟ್ಟಿ ಒಡೆದಾಗ ಒಂದು ವಾಸನೆ ಬರುತ್ತದೆ. ಮಳೆಯಲ್ಲಿ ನೆನೆದ ಕಿಟಕಿಯ ಸರಳು ಹಿಡಿದು ನಿಂತು ಕೈ ತೆಗೆದ ಮೇಲೆ ಅಂಗೈಯಲ್ಲಿ ಉಳಿಯುತ್ತದಲ್ಲ, ಹೆಚ್ಚುಕಡಿಮೆ ಅದೇ. ನನಗೀಗ ಐದನೆಯ ತಿಂಗಳು. ಅತ್ತಿಗುಪ್ಪೆಯ ನಮ್ಮ ಮನೆಯಿಂದ ಬಸವೇಶ್ವರನಗರದ ತವರಿಗೆ ಒಂದು ಭಾನುವಾರ ಹೋಗಿದ್ದೆ. ಊಟವಾದ ಮೇಲೆ ಬ್ಯಾಗಿನಿಂದ ಪಟ್ಟಿ ತೆಗೆದು ಮಾತ್ರೆ ಒತ್ತಿದೆ. ನೀರು ತಂದ ಅಮ್ಮ ಲೋಟವನ್ನು ನನ್ನ ಕೈಗೆ ಕೊಡಲಿಲ್ಲ. ಪಟ್ಟಿಯನ್ನೇ ನೋಡುತ್ತ ನಿಂತಳು.

"ಇದನ್ನ ಡಾಕ್ಟರೇ ಬರೆದುಕೊಟ್ಟಿದ್ದಾ?"

"ಹೂಂ."

"ಥೈರಾಯ್ಡ್ ಮಾತ್ರೆ ತಗೊಳ್ತೀಯಲ್ಲ, ಅದೂ ಅವರಿಗೆ ಗೊತ್ತಾ?"

ಗೊತ್ತು ಎಂದ ಮೇಲೆ ಲೋಟ ಕೊಟ್ಟಳು. ಕೆಳಗೆ, ತವರು ಮನೆಯ ಮುಂಭಾಗದ ಶಟರ್ ಅಂಗಡಿಯಲ್ಲಿ, ಹೊಲಿಗೆ ಯಂತ್ರ ಓಡಿ ನಿಂತು ಮತ್ತೆ ಓಡುತ್ತಿತ್ತು. ಅಮ್ಮನ ಕಿವಿ ಆ ಕಡೆಗೇ ಇತ್ತು. ಇಬ್ಬರಿಗೂ ಒಂದೇ ಮಳೆಗಾಲ ನೆನಪಾಗಿತ್ತು, ಇಬ್ಬರೂ ಅದನ್ನು ಎತ್ತಲಿಲ್ಲ.

ನೆನಪಾಯಿತು ಎಂದು ಬರೆಯುವಾಗ ನನಗೆ ಅಳುಕು. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸ ಇದೆ. ಆ ಮಳೆಗಾಲದ ಪುಟಗಳನ್ನು ತೆಗೆದರೆ ಸಿಗುವುದು ಬಹುಪಾಲು ಲ್ಯಾಬಿನ ಗೋಳು: ಕರೆಂಟು ಹೋಗಿ ಕಿಣ್ವ ಕೆಟ್ಟಿದ್ದು, ಜ್ಞಾನಭಾರತಿ ಕ್ಯಾಂಪಸ್ಸಿಗೆ ಹೋಗುವ ಬಸ್ಸು ತಪ್ಪಿದ್ದು. ಈಗ ನನ್ನ ಮನಸ್ಸಿನಲ್ಲಿ ಇಷ್ಟು ದೊಡ್ಡದಾಗಿ ನಿಂತಿರುವ ಸಂಗತಿಗೆ ಅಲ್ಲಿ ಅಲ್ಲೊಂದು ಇಲ್ಲೊಂದು ಸಾಲು. ಹಾಗಾಗಿ ಮುಂದೆ ಬರೆಯುವುದರಲ್ಲಿ ಎಷ್ಟು ನಾನು ಕಂಡದ್ದು, ಎಷ್ಟು ಆಮೇಲೆ ಕಟ್ಟಿಕೊಂಡದ್ದು ಎಂದು ಪ್ರಮಾಣ ಮಾಡಿ ಹೇಳಲಾರೆ. ಮುಂದೆ ಬರುವ ಸ್ಕೇಲಿನ ಮಾತು ಮಾತ್ರ ನಿಜ. ಅದನ್ನು ಅಮ್ಮ, ನಾನು, ಕೆಳಗಿನ ಅಂಗಡಿಯ ಮಹಾದೇವಕ್ಕ ಮೂವರೂ ಒಂದೇ ಥರ ಹೇಳುತ್ತೇವೆ.

ಮಹಾದೇವಕ್ಕ ಗುಳೇದಗುಡ್ಡದವರು. ಅಲ್ಲಿಯ ಖಣದ ಬಟ್ಟೆ ತರಿಸಿ, ಕುಪ್ಪಸ ಹೊಲಿದು ಕೊಡುತ್ತಾರೆ. ಮದುವೆಯಾಗಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಅಂಗಡಿಗೆ ಬಾಡಿಗೆಗೆ ಬಂದವರು, ಹಿಂದಿನ ಕೋಣೆಯಲ್ಲೇ ವಾಸ. ಅವರ ಎಡಗಣ್ಣು ಹುಟ್ಟಿನಿಂದಲೇ ಮಂಜು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಅಷ್ಟೇ. ಊರಿನಲ್ಲಿ ಹೆಣ್ಣು ನೋಡಲು ಬಂದವರೆಲ್ಲ ಅದೇ ಕಣ್ಣನ್ನು ನೋಡಿ ಹೋದರಂತೆ. ಇದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಉಳಿದ ಒಂದು ಕಣ್ಣಿನಲ್ಲಿ ಅವರು ಹೊಲಿಯುತ್ತಿದ್ದ ಅಂಚಿನ ಹೊಲಿಗೆಯನ್ನು ನಮ್ಮ ಬೀದಿಯ ಹೆಂಗಸರು ಬೆರಳಿನಿಂದ ಸವರಿ ನೋಡುತ್ತಿದ್ದರು.

ಅದು ಆಷಾಢದ ನಡುಭಾಗ. ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲರಿಗೂ ಹೊಸ ಕುಪ್ಪಸ ಬೇಕು, ಆದ್ದರಿಂದ ಅವರ ಅಂಗಡಿಯಲ್ಲಿ ಬಟ್ಟೆಯ ಕವರುಗಳು ಕಾಲಿಡಲು ಜಾಗವಿಲ್ಲದಷ್ಟು ಬಿದ್ದಿದ್ದವು. ಸಂಜೆ ಜಿನುಗು ಮಳೆ. ಒಂದು ಸಂಜೆ ನಾನು ಕ್ಯಾಂಪಸ್ಸಿನಿಂದ ಬಂದು ಶೂ ಬಿಚ್ಚುತ್ತಿದ್ದಾಗ ಮಹಾದೇವಕ್ಕ ಒಳಗಿನಿಂದ ಅಮ್ಮನನ್ನು ಕರೆದರು. ಒಂದು ಕುಪ್ಪಸದ ಪಕ್ಕದ ಹೊಲಿಗೆಯನ್ನು ಆಗಲೇ ಹಲವು ಸಲ ಬಿಚ್ಚಿ ಹೊಲಿದಿದ್ದರು, ಬಟ್ಟೆ ಸೂಜಿ ತೂತುಗಳಿಂದ ಸಡಿಲವಾಗಿತ್ತು. ಎಷ್ಟು ಹೊಲಿದರೂ ನಡುವೆ ಬಾಗುತ್ತದೆ ಎಂದರು. ಅಮ್ಮ ಬೆಳಕಿಗೆ ಹಿಡಿದು ನೋಡಿದಳು. ನಾನೂ ನೋಡಿದೆ. ಹೊಲಿಗೆ ನೆಟ್ಟಗಿತ್ತು.

ಮಹಾದೇವಕ್ಕ ನಂಬಲಿಲ್ಲ. ಕತ್ತರಿಸುವ ಮೇಜಿನ ಮೇಲಿದ್ದ ಸ್ಟೀಲಿನ ಸ್ಕೇಲು ತೆಗೆದು ಹೊಲಿಗೆಯ ಪಕ್ಕ ಇಟ್ಟರು. ಎಡಗಣ್ಣು ಮುಚ್ಚಿದರು. ತುಂಬ ಹೊತ್ತು ನೋಡಿದರು. ಆಮೇಲೆ ತಲೆ ಎತ್ತದೆ ಹೇಳಿದರು:

"ಸ್ಕೇಲೂ ಬಾಗೈತ್ರಿ ಅಮ್ಮಾರ."

ರಾಜಾಜಿನಗರದ ಕಡೆಯ ಒಂದು ಕಣ್ಣಾಸ್ಪತ್ರೆಗೆ ಮರುದಿನವೇ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರ್ ಮೇಡಂ ಚುರುಕು, ಮಾತು ಕಡಿಮೆ. ಕಣ್ಣಿಗೆ ಹನಿ ಹಾಕಿ, ಒಳಗಿನ ಚಿತ್ರ ತೆಗೆದು, ಪರದೆಯ ಮೇಲೆ ತೋರಿಸಿದರು. ಎಡಗಣ್ಣಿನ ನಡುವೆ ದೊಡ್ಡ ಹಳೆಯ ಕಲೆ. ಬಲಗಣ್ಣಿನಲ್ಲಿ ಪಕ್ಕಕ್ಕೆ ಸರಿದಂತೆ ಒಂದು ಚಿಕ್ಕ ಹಳೆಯ ಕಲೆ, ಅದಕ್ಕೆ ಅಂಟಿಕೊಂಡು ಮಸುಕು ಬಿಳಿಯ ಹೊಸ ಮಚ್ಚೆ. ಮಂಜಿನಲ್ಲಿ ಎದುರು ಬರುವ ಗಾಡಿಯ ದೀಪದ ಹಾಗಿತ್ತು. ಟಾಕ್ಸೊಪ್ಲಾಸ್ಮಾ ಎಂಬ ಒಂದೇ ಜೀವಕೋಶದ ಪರಾವಲಂಬಿ, ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಬಂದಿರಬೇಕು ಎಂದರು. ಇಷ್ಟು ವರ್ಷ ಗೂಡು ಕಟ್ಟಿ ಮಲಗಿತ್ತು, ಈಗ ಎದ್ದು ಒಂದು ಎರಡಾಗುತ್ತ, ಎರಡು ನಾಲ್ಕಾಗುತ್ತ ಹಬ್ಬುತ್ತಿದೆ.

"ಈ ಮಚ್ಚೆ ಮಧ್ಯಕ್ಕೆ ಹೋಗಬಾರದು," ಎಂದು ಡಾಕ್ಟರ್ ಚಿತ್ರದ ನಡುವೆ ಬೆರಳಿಟ್ಟರು. "ಹೋದ್ರೆ ಸೂಜಿ ಪೋಣಿಸೋಕೆ ಆಗಲ್ಲ, ಓದೋಕೆ ಆಗಲ್ಲ, ಎದುರಿಗೆ ನಿಂತೋರ ಮುಖ ಗುರುತು ಸಿಗಲ್ಲ. ಅದಕ್ಕೇ ಇವತ್ತೇ ಶುರು ಮಾಡ್ತೀನಿ."

ಅವರ ಬೆರಳಿನ ತುದಿಗೂ ಮಚ್ಚೆಯ ಅಂಚಿಗೂ ನಡುವೆ ಇದ್ದ ಜಾಗ ತೀರಾ ಕಡಿಮೆ. ಮಹಾದೇವಕ್ಕನಿಗೆ ಅದು ಕಾಣಿಸಿತೋ ಇಲ್ಲವೋ. ಹೊರಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ: ಕಣ್ಣು ಹೋದರೆ ಒಡಹುಟ್ಟಿದ ಅಕ್ಕನ ಮನೆಗೆ ಹೋಗಿ ಕೂರಬೇಕಾ. ಅಕ್ಕ ಒಳ್ಳೆಯವರೇ. ಆದರೆ ಅಲ್ಲಿ ಅವರಿಗೆ ಕೊಡುವ ಜಾಗ ಯಾವುದೆಂದು ಅವರಿಗೆ ಗೊತ್ತಿತ್ತು.

ಔಷಧಿ ಚೀಟಿ ನನ್ನ ಕೈಯಲ್ಲಿತ್ತು. ಮೊದಲ ಹೆಸರನ್ನು ಇನ್ನೊಮ್ಮೆ ಓದಿದೆ. ಪೈರಿಮೆಥಮಿನ್. ಅದರ ಪುಡಿಯನ್ನು ನಾನು ಹಿಂದಿನ ದಿನವಷ್ಟೇ ಲ್ಯಾಬಿನಲ್ಲಿ ತೂಗಿ ಕರಗಿಸಿದ್ದೆ. ಮಲೇರಿಯಾ ಪರಾವಲಂಬಿಯ ಒಂದು ಕಿಣ್ವದ ಮೇಲೆ ನನ್ನ ಸಂಶೋಧನೆ, ಪ್ರಬಂಧ ಬರೆಯುವ ವರ್ಷ. ಟಾಕ್ಸೊಪ್ಲಾಸ್ಮಾದಲ್ಲೂ ಅದೇ ಬಗೆಯ ಕಿಣ್ವವಿದೆ. ವರ್ಷಗಟ್ಟಲೆ ನನಗೆ ಆ ಔಷಧಿ ಎಂದರೆ ಪರದೆಯ ಮೇಲಿನ ಒಂದು ಗೆರೆ. ಕಿಣ್ವ ಕೆಲಸ ಮಾಡುತ್ತಿದ್ದರೆ ಗೆರೆ ಇಳಿಜಾರಾಗಿ ಇಳಿಯುತ್ತದೆ. ಔಷಧಿಯ ಒಂದು ಹನಿ ಹಾಕಿದರೆ ಇಳಿಯುವುದು ನಿಂತು ಅಡ್ಡಡ್ಡ ನೆಟ್ಟಗೆ ಓಡುತ್ತದೆ. ಗೆರೆ ನೆಟ್ಟಗಾದರೆ ನಾನು ಚಹಾ ಕುಡಿಯಲು ಹೋಗುತ್ತಿದ್ದೆ. ಅದನ್ನು ನುಂಗುವ ಒಬ್ಬರನ್ನೂ ನಾನು ಅದುವರೆಗೆ ಕಂಡಿರಲಿಲ್ಲ.

ಔಷಧಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಮಹಾದೇವಕ್ಕ ನನ್ನನ್ನು ಕೂರಿಸಿಕೊಂಡು ವಿಚಾರಿಸಿದರು. "ಇದ್ರ ಬಗ್ಗೇನ ಓದಾಕತ್ತೀಯಲ್ಲ ತಂಗಿ, ಈ ಗುಳಿಗಿ ಆ ಹುಳಾನ ಕೊಲ್ತೈತೇನು?"

ನೇರವಾಗಿ ಕೊಲ್ಲುವುದಿಲ್ಲ ಎಂದೆ. ಆ ಜೀವಿ ಎರಡಾಗಬೇಕಾದರೆ ತನ್ನ ಒಳಗಿನ ಬರಹವನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು. ಆ ನಕಲಿಗೆ ಫೋಲೇಟ್ ಎಂಬ ವಸ್ತು ಬೇಕು, ಅದೂ ಹಸಿಯಾಗಿ ಅಲ್ಲ, ಹದ ಮಾಡಿದ್ದು. ಹದ ಮಾಡುವುದು ಒಂದು ಕಿಣ್ವ. ಆ ಕಿಣ್ವದಲ್ಲಿ ಒಂದು ಗುಳಿ ಇದೆ. ಹಸಿ ಫೋಲೇಟ್ ಬಂದು ಅಲ್ಲಿ ಕೂರುತ್ತದೆ, ಹದವಾಗಿ ಎದ್ದು ಹೋಗುತ್ತದೆ, ಇನ್ನೊಂದು ಬರುತ್ತದೆ. ನಮ್ಮ ಔಷಧಿ ಹೋಗಿ ಅದೇ ಗುಳಿಯಲ್ಲಿ ಕೂತುಬಿಡುತ್ತದೆ, ಏಳುವುದಿಲ್ಲ. ಜೊತೆಗೆ ಕೊಟ್ಟ ಸಲ್ಫಾ ಮಾತ್ರೆ ಇದಕ್ಕೂ ಹಿಂದಿನ ಹಂತದಲ್ಲಿ, ಆ ಜೀವಿ ಹಸಿ ಫೋಲೇಟನ್ನು ತಾನೇ ತಯಾರಿಸಿಕೊಳ್ಳುವ ಕಡೆ, ಇನ್ನೊಂದು ಕಿಣ್ವವನ್ನು ಕಟ್ಟಿಹಾಕುತ್ತದೆ.

ಅವರು ಯಂತ್ರದ ಕೆಳಗೆ ಕೈ ಹಾಕಿ ನೂಲಿನ ಉರುಳೆ ಕೂರುವ ಬಾಬಿನ್ ಕೇಸು ಹೊರತೆಗೆದರು. ಡಬ್ಬಿಯಲ್ಲಿ ತಡಕಿ, ಬೇರೆ ಯಂತ್ರದ ಬಾಬಿನ್ ಒಂದನ್ನು ಅದರೊಳಗೆ ಒತ್ತಿದರು. ಅದು ಟಕ್ ಎಂದು ಕೂತಿತು.

"ಇದು ಕೂಡ್ತೈತಿ. ಆದ್ರ ತಿರಗಂಗಿಲ್ಲ. ತಗೀಬೇಕಂದ್ರ ಕತ್ತರಿ ತುದಿ ಹಾಕಿ ಮೀಟಬೇಕು. ಹಿಂಗನ?"

"ಹಿಂಗೇ."

"ಹಂಗಾರ ನನ್ನ ಮೈಯಾಗೂ ಇಂಥಾ ಮಷಿನ್ ಇರ್ತಾವಲ್ಲ? ಅವಕ್ಕ ಸಿಕ್ಕೊಳ್ಳಂಗಿಲ್ಲೇನು?"

ಸಿಕ್ಕಿಕೊಳ್ಳುತ್ತದೆ, ಆದರೆ ಕಡಿಮೆ. ನಮ್ಮ ಕಿಣ್ವದ ಗುಳಿಯ ಆಕಾರ ಸ್ವಲ್ಪ ಬೇರೆ, ಔಷಧಿ ಅಲ್ಲಿ ಅಷ್ಟು ಬಿಗಿಯಾಗಿ ಕೂರುವುದಿಲ್ಲ. ಆದರೂ ರಕ್ತ ತಯಾರಾಗುವ ಮಜ್ಜೆಯಲ್ಲಿ ಹಗಲೂ ರಾತ್ರಿ ಕೋಶಗಳು ಎರಡಾಗುತ್ತಲೇ ಇರುವುದರಿಂದ ಮೊದಲ ಪೆಟ್ಟು ಬೀಳುವುದು ಅಲ್ಲಿಗೆ. ಅದಕ್ಕೇ ವಾರಕ್ಕೊಮ್ಮೆ ರಕ್ತಪರೀಕ್ಷೆ. ಅದಕ್ಕೇ ಚೀಟಿಯಲ್ಲಿ ಇನ್ನೊಂದು ಮಾತ್ರೆ: ಆಗಲೇ ಹದ ಮಾಡಿದ ಫೋಲೇಟ್. ನೂಲು ಸುತ್ತಿ ಸಿದ್ಧ ಮಾಡಿದ ಬಾಬಿನ್‌ನ ಹಾಗೆ. ನಮ್ಮ ಕೋಶಗಳು ಅದನ್ನು ಎಳೆದುಕೊಂಡು ಬದುಕುತ್ತವೆ, ಆ ಜೀವಿಗೆ ಅದನ್ನು ಒಳಗೆ ತೆಗೆದುಕೊಳ್ಳುವ ಬಾಗಿಲಿಲ್ಲ.

ಅಮ್ಮ ಅಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅವಳಿಗೆ ಇದರಲ್ಲಿ ಎಷ್ಟು ಮುಟ್ಟಿತೋ, ರಕ್ತಕ್ಕೆ ಪೆಟ್ಟು ಎಂಬುದಂತೂ ಮುಟ್ಟಿತು.

ಡಾಕ್ಟರ್ ಮೇಡಂ ಚೌಕುಳಿ ಗೆರೆಗಳ ಒಂದು ಕಾರ್ಡು ಕೊಟ್ಟಿದ್ದರು. ದಿನವೂ ಒಂದು ಕಣ್ಣು ಮುಚ್ಚಿ ನೋಡಿ, ಗೆರೆ ಎಲ್ಲಿ ಬಾಗಿದೆ ಎಂದು ತಿಳಿಯಬೇಕು. ಮಹಾದೇವಕ್ಕನಿಗೆ ಆ ಕಾರ್ಡು ಹಿಡಿಸಲಿಲ್ಲ, ಗೆರೆಗಳು ಸಣ್ಣ ಎಂದರು. ಅವರು ಬೆಳಿಗ್ಗೆ ಶಟರ್ ಎತ್ತುವ ಮೊದಲು ಒಳಗಡೆಯಿಂದ ಅದರ ಎದುರು ನಿಲ್ಲುತ್ತಿದ್ದರು. ಶಟರ್‌ನ ಅಡ್ಡ ಪಟ್ಟಿಗಳು ಒಂದರ ಕೆಳಗೊಂದು, ಗೋಡೆಯಿಂದ ಗೋಡೆಗೆ. ಎಡಗಣ್ಣಿನ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ನೋಡುತ್ತಿದ್ದರು. ಅಮ್ಮ ಹಿಂಬಾಗಿಲಿನಿಂದ ಕಾಫಿ ಹಿಡಿದು ಹೋಗಿ ಎಷ್ಟು ಬಾಗಿದೆ ಎಂದು ಕೇಳುವಳು. ಮಹಾದೇವಕ್ಕ ಬಾಯಲ್ಲಿ ಹೇಳುತ್ತಿರಲಿಲ್ಲ, ತೋರುಬೆರಳನ್ನು ಎತ್ತಿ ಅಷ್ಟು ಬಾಗಿಸಿ ತೋರಿಸುವರು. ಮೊದಲ ದಿನಗಳಲ್ಲಿ ತುಸು ಬಾಗಿದ ಬೆರಳು. ಆಮೇಲೆ ಇನ್ನಷ್ಟು. ಅದನ್ನು ನೋಡಲು ನಾನೂ ಹಲ್ಲುಜ್ಜುತ್ತಲೇ ಇಳಿದು ಬರುತ್ತಿದ್ದೆ, ನೋಡಿ ಹತ್ತಿ ಹೋಗುತ್ತಿದ್ದೆ.

ಎರಡನೆಯ ರಕ್ತಪರೀಕ್ಷೆಯಲ್ಲಿ ಕಣಗಳು ಕಡಿಮೆಯಾಗಿದ್ದವು. ಡಾಕ್ಟರ್ ಆ ಸಿದ್ಧ ಫೋಲೇಟಿನ ಪ್ರಮಾಣ ಏರಿಸಿದರು, ಹಲ್ಲಿನಲ್ಲಿ ರಕ್ತ ಬಂದರೆ, ಜ್ವರ ಬಂದರೆ, ಮಲ ಕಪ್ಪಾದರೆ ತಕ್ಷಣ ಬರಬೇಕು ಎಂದರು. ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದೂ ಕೇಳಿದರು. ಆ ಸಲ ಜೊತೆಗಿದ್ದದ್ದು ಅಮ್ಮ. ಇಬ್ಬರೂ ಇಲ್ಲ ಎಂದರು.

ಅದರ ಮುಂದಿನ ಸಲದ ಚಿತ್ರದಲ್ಲಿ ಮಚ್ಚೆ ಕುಗ್ಗಿರಲಿಲ್ಲ. ನಡುವಿನ ಕಡೆಗೆ ಅದರ ಅಂಚು ಸ್ವಲ್ಪ ಚಾಚಿತ್ತು. ಇಷ್ಟು ಹೊತ್ತಿಗೆ ಅಂಚು ಗಟ್ಟಿಯಾಗಬೇಕಿತ್ತಲ್ಲ ಎಂದು ಡಾಕ್ಟರ್ ತಮಗೆ ತಾವೇ ಹೇಳಿಕೊಂಡರು. ಇನ್ನೊಂದು ವಾರ ನೋಡುತ್ತೇನೆ, ಆಮೇಲೆ ಕಣ್ಣಿನೊಳಗೇ ಇಂಜೆಕ್ಷನ್ ಕೊಡಬೇಕಾಗಬಹುದು ಎಂದರು. ಮಹಾದೇವಕ್ಕ ತಲೆ ಆಡಿಸಿದರು. ಆಟೋದಲ್ಲಿ ಬರುವಾಗ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದುತ್ತ ಬಂದರು, ಮೆಲ್ಲಗೆ, ತುಟಿ ಆಡಿಸುತ್ತ. ಒಂದೆರಡು ಕಡೆ ಅಕ್ಷರ ಬಿಟ್ಟು ಓದಿದರು.

ಆ ದಿನಗಳಲ್ಲಿ ನಾನು ಲ್ಯಾಬಿನಲ್ಲಿ ಮಾಡುತ್ತಿದ್ದದ್ದು ರೂಪ ಬದಲಿಸಿದ ಕಿಣ್ವದ ಪ್ರಯೋಗ. ಗುಳಿಯ ಅಂಚಿನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬೇರೆಯಾದರೂ ಸಾಕು, ಔಷಧಿಗೆ ಕೂರಲು ಜಾಗ ಸಾಲುವುದಿಲ್ಲ, ಕಿಣ್ವ ತನ್ನ ಪಾಡಿಗೆ ಕೆಲಸ ಮುಂದುವರಿಸುತ್ತದೆ. ಹನಿ ಹಾಕುತ್ತೇನೆ, ಗೆರೆ ನಿಲ್ಲದೆ ಇಳಿಯುತ್ತಲೇ ಹೋಗುತ್ತದೆ. ಮೊದಲಾದರೆ ಅದು ಪ್ರಬಂಧಕ್ಕೆ ಒಳ್ಳೆಯ ಸುದ್ದಿ. ಈಗ ಆ ಇಳಿಜಾರು ಕಂಡರೆ ಇನ್ನೊಂದು ಹನಿ ಹಾಕಿ ನೋಡುತ್ತಿದ್ದೆ. ಮಹಾದೇವಕ್ಕನ ಕಣ್ಣಿನಲ್ಲಿ ಇರುವುದೂ ಇಂಥದ್ದೇ ಆಗಿದ್ದರೆ? ಯಾರನ್ನಾದರೂ ಕೇಳಬಹುದಿತ್ತು, ಕೇಳಿದೆ ಕೂಡ. ನನ್ನ ಮಾರ್ಗದರ್ಶಕರು, ಅದು ಅಪರೂಪ, ಮೊದಲು ಸರಳ ಕಾರಣಗಳನ್ನು ಹುಡುಕಬೇಕು ಎಂದರು. ನನಗೆ ಹೊಳೆಯುತ್ತಿದ್ದದ್ದು ಮಾತ್ರ ಕಷ್ಟದ ಕಾರಣಗಳೇ.

ಹಬ್ಬ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಮಹಾದೇವಕ್ಕ ನನ್ನನ್ನು ಹಿಂದಿನ ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಗೋಡೆ ನೋಡುತ್ತ ಹೇಳಿದರು. ಮಲ ಕಪ್ಪಗೆ, ಡಾಂಬರಿನ ಹಾಗೆ ಹೋಗುತ್ತಿದೆ. ಎಷ್ಟು ದಿನದಿಂದ ಎಂದರೆ, ನಾಚಿಕೆಯಾಗಿ ಹೇಳಿರಲಿಲ್ಲ ಎಂದರು.

ಕಣ್ಣಿನ ಉರಿಯೂತ ತಗ್ಗಿಸಲು ಉಳಿದ ಮಾತ್ರೆಗಳ ಜೊತೆಗೆ ಕೊಟ್ಟಿದ್ದ ಸ್ಟೀರಾಯ್ಡ್ ಹೊಟ್ಟೆಯನ್ನು ಕೊರೆಯಬಹುದು, ರಕ್ತದ ಕಣಗಳು ಕಡಿಮೆಯಾಗಿದ್ದರೆ ಒಳಗೆ ಸೋರಿದ ರಕ್ತ ನಿಲ್ಲುವುದಿಲ್ಲ. ಇಷ್ಟು ನನಗೆ ಗೊತ್ತಿತ್ತು. ಹೊರಗೆ ಮಳೆ ಜೋರಾಗಿತ್ತು. ನನ್ನ ನೆನಪಿನಲ್ಲಿ ನಾನು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ನೀರು ನಿಂತ ರಸ್ತೆಯಲ್ಲಿ ಕಾಲು ಊರುತ್ತ ಊರುತ್ತ ಹೋದೆ, ಅವರ ಹಿಡಿತ ನನ್ನ ಹೊಟ್ಟೆಯ ಸುತ್ತ ಬಿಗಿಯಾಗಿತ್ತು. ಅಮ್ಮ ಆಟೋದಲ್ಲಿ ಹಿಂದಿನಿಂದ ಬಂದಳು. ಮಹಾದೇವಕ್ಕ ಹೇಳುವುದೇ ಬೇರೆ: ಮೂವರೂ ಆಟೋದಲ್ಲೇ ಹೋದದ್ದಂತೆ, ಸ್ಕೂಟರು ಆ ದಿನ ಸ್ಟಾರ್ಟೇ ಆಗಲಿಲ್ಲವಂತೆ. ದಿನಚರಿಯಲ್ಲಿ ಆ ದಿನದ ಕೆಳಗೆ "ಮಳೆ. ಮಹಾದೇವಕ್ಕ, ಆಸ್ಪತ್ರೆ. ನಾಳೆ ಲ್ಯಾಬಿನಲ್ಲಿ ಬಫರ್ ದ್ರಾವಣ ಮಾಡಬೇಕು" ಎಂದಷ್ಟೇ ಇದೆ. ಹೊಟ್ಟೆಯ ಸುತ್ತ ಆ ಕೈಗಳ ಬಿಗಿಯನ್ನು ನಾನು ಎಲ್ಲಿಂದ ತಂದುಕೊಂಡೆನೋ ಗೊತ್ತಿಲ್ಲ.

ಡಾಕ್ಟರ್ ಮೇಡಂ ಪರೀಕ್ಷೆಗೆ ರಕ್ತ ತೆಗೆಸಿದರು, ಹೊಟ್ಟೆ ಒತ್ತಿ ನೋಡಲು ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ಕಾಯುವಾಗ ಮಹಾದೇವಕ್ಕ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಅಮ್ಮ ಅವರ ಒದ್ದೆ ಸೆರಗನ್ನು ಹಿಂಡುತ್ತಿದ್ದಳು. ರಕ್ತದ ವರದಿ ಬಂತು. ಕಣಗಳು ಮತ್ತಷ್ಟು ಕೆಳಗಿಳಿದಿರಲಿಲ್ಲ. ನಾಡಿ, ಒತ್ತಡ ಎಲ್ಲ ಸರಿ ಇತ್ತು. ರಕ್ತಸ್ರಾವದ ಲಕ್ಷಣವಿಲ್ಲ. ಆಗ ಡಾಕ್ಟರ್ ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು:

"ಕಬ್ಬಿಣದ ಮಾತ್ರೆ ಏನಾದ್ರೂ ತಗೊಳ್ತಾ ಇದೀರಾ? ಅದಕ್ಕೂ ಕಪ್ಪಗೆ ಹೋಗುತ್ತೆ."

ಮಹಾದೇವಕ್ಕ ಅಮ್ಮನ ಕಡೆ ನೋಡಿದರು.

"ಅದು ನಾನೇ ಕೊಟ್ಟಿದ್ದು," ಎಂದಳು ಅಮ್ಮ. "ರಕ್ತಕ್ಕೆ ಪೆಟ್ಟು ಬೀಳುತ್ತೆ ಅಂದ್ಲಲ್ಲ ಇವಳು, ಆವಾಗಿಂದ, ಶಕ್ತಿಗೆ ಅಂತ. ಬೆಳಗ್ಗೆ ಒಂದು, ಸಾಯಂಕಾಲ ಒಂದು."

"ಬೇರೆ ಔಷಧಿ ಇದೆಯಾ ಅಂತ ಆವತ್ತೇ ಕೇಳಿದ್ದೆನಲ್ಲಮ್ಮಾ?"

"ಅದು ಔಷಧಿ ಅಲ್ವಲ್ಲ ಮೇಡಂ," ಎಂದಳು ಅಮ್ಮ, ನಿಜವಾಗಿಯೂ ಅಚ್ಚರಿಯಿಂದ. "ಬಸುರಿ ಹೆಂಗಸರಿಗೆ ಕೊಡೋದು."

ನನ್ನ ಅಕ್ಕನ ಬಸಿರಿನಲ್ಲಿ ಕೊಟ್ಟಿದ್ದ ಪಟ್ಟಿಗಳವು. ವಾಕರಿಕೆ ಎಂದು ಅಕ್ಕ ನುಂಗಿರಲಿಲ್ಲ. ಎಸೆಯಲು ಮನಸ್ಸಾಗದೆ ಅಮ್ಮ ಅವನ್ನು ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ, ಲವಂಗ ಏಲಕ್ಕಿಯ ಪಕ್ಕ ಇಟ್ಟಿದ್ದಳು. ನಮ್ಮ ಬೀದಿಯ ಎಷ್ಟೋ ಅಡುಗೆಮನೆಗಳಲ್ಲಿ ಅಂಥ ಒಂದು ಡಬ್ಬಿ ಇದೆ. ಅದರಲ್ಲಿ ಇರುವುದು ಕಾಯಿಲೆಯ ವಸ್ತುವಲ್ಲ, ಬಾಣಂತಿಯ ಲೇಹ್ಯ, ಖರ್ಜೂರ, ಒಣದ್ರಾಕ್ಷಿಯ ಜಾತಿಗೆ ಸೇರಿದ್ದು. ಮನೆ ಓನರಮ್ಮ ಕೈಯಾರೆ ನೀರಿನ ಜೊತೆ ತಂದುಕೊಟ್ಟದ್ದನ್ನು ಮಹಾದೇವಕ್ಕ ಬೇಡ ಎನ್ನುವುದು ಹೇಗೆ? ಬೆಳಿಗ್ಗೆ ಕಾಫಿಯ ಲೋಟದ ಪಕ್ಕ ತಟ್ಟೆಯಲ್ಲಿ ಬರುತ್ತಿದ್ದ ಕೆಂಪು ಮಾತ್ರೆಯನ್ನು ನಾನೂ ಕಂಡಿರಬಹುದು. ಕಂಡಿದ್ದರೆ ಅದು ನನ್ನ ಗಮನಕ್ಕೆ ಬಂದಿಲ್ಲ. ನಾನು ನೋಡುತ್ತಿದ್ದದ್ದು ಬೆರಳನ್ನು.

ರಕ್ತಸ್ರಾವವಲ್ಲ ಎಂದು ಒಂದು ಕ್ಷಣ ಎಲ್ಲರಿಗೂ ಉಸಿರು ಬಂತು. ಆಮೇಲೆ ಡಾಕ್ಟರ್ ಮುಖದಲ್ಲಿ ಇನ್ನೇನೋ ಸರಿಯಿತು. ಕಬ್ಬಿಣದ ಮಾತ್ರೆಯಲ್ಲಿ ಕಬ್ಬಿಣ ಒಂದೇ ಇರುವುದಿಲ್ಲ, ಫೋಲಿಕ್ ಆಮ್ಲವೂ ಇರುತ್ತದೆ ಎಂದರು. ಅದು ಹದ ಮಾಡದ ಫೋಲೇಟ್. ಈ ಮಾತನ್ನು ಹೇಳಿದ್ದು ಅವರೋ, ಅವರಿಗಿಂತ ಮೊದಲು ನಾನೋ ಎಂಬುದರಲ್ಲಿ ನನಗೆ ಅನುಮಾನವಿದೆ. ನಾನೇ ಹೇಳಿದೆ ಎಂದು ನೆನಪು ಹೇಳುತ್ತದೆ. ನೆನಪಿಗೆ ಹಾಗೆ ಹೇಳಲು ಆಸೆ ಇರುವುದರಿಂದ ಅವರೇ ಹೇಳಿದರು ಎಂದು ಬರೆಯುತ್ತೇನೆ.

ಯಾರು ಹೇಳಿದರೂ ಮುಂದಿನದು ನನಗೆ ಲ್ಯಾಬಿನ ಪರದೆಯಷ್ಟು ಸ್ಪಷ್ಟವಿತ್ತು. ಆ ಜೀವಿಯಲ್ಲಿ ಸಿದ್ಧ ಫೋಲೇಟಿಗೆ ಬಾಗಿಲಿಲ್ಲ, ಆದರೆ ಈ ಹಸಿಯದಕ್ಕೆ ಇದೆ. ನಾವು ಒಂದು ಕಡೆ ಅದರ ಗುಳಿಯಲ್ಲಿ ತಪ್ಪು ಬಾಬಿನ್ ಸಿಕ್ಕಿಸುತ್ತಿದ್ದೆವು. ಇನ್ನೊಂದು ಕಡೆ ಬೆಳಿಗ್ಗೆ ಸಂಜೆ ಅದಕ್ಕೆ ಬೇಕಾದ ಸರಿಯಾದ ಬಾಬಿನ್‌ಗಳನ್ನು ರಾಶಿ ಸುರಿಯುತ್ತಿದ್ದೆವು. ಗುಳಿ ಒಂದು ಗಳಿಗೆ ಖಾಲಿಯಾದರೂ ಹೋಗಿ ಕೂರಲು ಸಾಲುಗಟ್ಟಿ ನಿಂತಿರುವಷ್ಟು. ಸಲ್ಫಾ ಮಾತ್ರೆ ತಡೆಯುವುದು ಆ ಜೀವಿಯ ಸ್ವಂತ ತಯಾರಿಕೆಯನ್ನು. ಹೊರಗಿನಿಂದ ತಟ್ಟೆಯಲ್ಲಿಟ್ಟು ಕೊಟ್ಟರೆ ತಯಾರಿಸುವ ಅಗತ್ಯವೇನು?

ಇದನ್ನು ಅಮ್ಮನಿಗೆ ಆಸ್ಪತ್ರೆಯಲ್ಲಿ ಹೇಳಬೇಕಾಗಲಿಲ್ಲ. ಮಹಾದೇವಕ್ಕನೇ ಹೇಳಿದರು, ಬಾಬಿನ್ನಿನ ಮಾತಿನಲ್ಲೇ, ಆಸ್ಪತ್ರೆಯ ಮೆಟ್ಟಿಲ ಮೇಲೆ ಮಳೆ ನಿಲ್ಲಲು ಕಾಯುತ್ತ. ಮುಚ್ಚಿಡಬಾರದು ಎಂದುಕೊಂಡರೋ, ಬೇರೆಯವರು ಹೇಳಿದರೆ ಇನ್ನೂ ಒರಟಾಗಿರುತ್ತದೆ ಎಂದುಕೊಂಡರೋ. ಅಮ್ಮ ಪೂರ್ತಿ ಕೇಳಿದಳು.

"ಅಂದ್ರೆ ನಾನು ಅದಕ್ಕೆ ಉಣ್ಣಕ್ಕಿಟ್ಟೆ."

"ನನಗ ಉಣ್ಣಾಕಿಟ್ರಿ ಅಮ್ಮಾರ. ಅದು ಪಂಕ್ತ್ಯಾಗ ನಡುವ ಬಂದು ಕುಂತ್ತು."

ಅಮ್ಮ ನಗಲಿಲ್ಲ. ಮನೆಗೆ ಬಂದು ಡಬ್ಬಿ ತೆಗೆದು, ಏಲಕ್ಕಿ ಲವಂಗದ ಸಮೇತ ಹೊರಗೆ ಇಟ್ಟಳು. ಆ ರಾತ್ರಿ ಊಟ ಮಾಡಲಿಲ್ಲ ಎಂದು ನೆನಪು, ಮಾಡಿದ್ದಳೋ ಏನೋ.

ಆಮೇಲಿನ ದಿನಗಳು ಬರೀ ಕಾಯುವುದು. ಇಂಜೆಕ್ಷನ್ನನ್ನು ಡಾಕ್ಟರ್ ಮುಂದಕ್ಕೆ ಹಾಕಿದರು: ಕಬ್ಬಿಣದ ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ಹಾಗೇ ಮುಂದುವರಿಸಿ, ನೋಡೋಣ. ಮಚ್ಚೆ ಚಾಚಿದರೆ ಮಾತ್ರ ಸೂಜಿ. ಕಣ್ಣಿಗೆ ಆಯಾಸ ಮಾಡಬೇಡಿ ಎಂದೂ ಹೇಳಿದ್ದರು, ಆದರೆ ಹಬ್ಬ ಬಾಗಿಲಲ್ಲಿತ್ತು, ಕವರುಗಳು ಅಂಗಡಿಯಲ್ಲಿದ್ದವು. ಅಮ್ಮ ಒಂದು ಬೆಳಿಗ್ಗೆ ಕಾಫಿ ಕೊಟ್ಟವಳು ಮೇಲೆ ಬರಲೇ ಇಲ್ಲ. ಇಳಿದು ನೋಡಿದರೆ ಯಂತ್ರದ ಮುಂದೆ ಕನ್ನಡಕ ಏರಿಸಿಕೊಂಡು ಕೂತಿದ್ದಳು. ಹರೆಯದಲ್ಲಿ ಕಲಿತ ಹೊಲಿಗೆ, ಕಾಲಿಗೆ ಇನ್ನೂ ಮರೆತಿರಲಿಲ್ಲ, ಕೈಗೆ ಮರೆತಿತ್ತು. ಮಹಾದೇವಕ್ಕ ಪಕ್ಕದಲ್ಲಿ ನೆಲದ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಹೊಲಿದದ್ದನ್ನು ಬೆರಳಿನಿಂದ ಸವರಿ ನೋಡುತ್ತಿದ್ದರು.

"ಇಲ್ಲಿ ಓಡ್ಯಾಡೈತ್ರಿ ಅಮ್ಮಾರ. ಬಿಚ್ಚ್ರಿ."

ಅಮ್ಮ ಬಿಚ್ಚುವಳು. ಮತ್ತೆ ಹೊಲಿಯುವಳು. ಮತ್ತೆ ಬಿಚ್ಚ್ರಿ. ಇಷ್ಟು ವರ್ಷ ಬಾಡಿಗೆದಾರರ ಮುಂದೆ ಒಂದು ಮಾತು ತಗ್ಗಿ ಆಡದ ಅಮ್ಮ, ಹಬ್ಬದ ಹಿಂದಿನ ಆ ದಿನಗಳಲ್ಲಿ ಎಷ್ಟು ಬಿಚ್ಚಿದಳೆಂದರೆ ಅಂಗಡಿಯ ನೆಲವೆಲ್ಲ ನೂಲಿನ ಚೂರು. ಗಿರಾಕಿಗಳು ಬಂದು, "ಏನ್ ಆಂಟಿ, ನೀವೇ ಕೂತಿದೀರಾ" ಎಂದರೆ, ಮಹಾದೇವಿಗೆ ಜ್ವರ ಎಂದುಬಿಡುವಳು. ಕಣ್ಣಿನ ಸುದ್ದಿ ಬೀದಿಗೆ ಹೋದರೆ ಗಿರಾಕಿ ಹೋಗುತ್ತದೆ ಎಂಬ ಲೆಕ್ಕ ಇಬ್ಬರಲ್ಲೂ ಮಾತಿಲ್ಲದೆ ಆಗಿತ್ತು.

ಬೆಳಿಗ್ಗೆ ಶಟರ್ ಮುಂದಿನ ಬೆರಳು ಕೆಲವು ದಿನ ಹಾಗೇ ಇತ್ತು. ಒಂದು ದಿನ ತುಸು ಹೆಚ್ಚೇ ಬಾಗಿದಂತೆ ಕಂಡಿತು, ಅಮ್ಮ ಕಾಫಿ ಕೆಳಗಿಟ್ಟು ಇನ್ನೊಮ್ಮೆ ನೋಡಲು ಹೇಳಿದಳು. ಮಹಾದೇವಕ್ಕ ಅಂಗೈ ಬದಲಿಸಿ, ನಿಂತ ಜಾಗ ಬದಲಿಸಿ ನೋಡಿ, ಹೇಳಲಾರೆ ಎಂದರು. ಆಮೇಲೆ ಒಂದು ಬೆಳಿಗ್ಗೆ ಬೆರಳು ಹಿಂದಿನ ದಿನಕ್ಕಿಂತ ನೆಟ್ಟಗಿತ್ತೇ? ಅಮ್ಮ ಹೌದು ಎಂದಳು. ನನಗೆ ಗೊತ್ತಾಗಲಿಲ್ಲ. ನೋಡಬೇಕೆನಿಸಿದ್ದೇ ಕಾಣುತ್ತದೆ ಎಂದು ಪ್ರಯೋಗ ಮಾಡುವವರಿಗೆ ಮೊದಲು ಕಲಿಸುತ್ತಾರೆ. ನಾನು ಬೆರಳನ್ನು ನಂಬದೆ ಮುಂದಿನ ಚಿತ್ರಕ್ಕೆ ಕಾದ ಹಾಗೆ ನನ್ನ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಕಾದಿಲ್ಲ.

ಗೌರಿ ಹಬ್ಬದ ವಾರ ಆ ಚಿತ್ರ ಬಂತು. ಮಚ್ಚೆಯ ಅಂಚು ಗಟ್ಟಿಯಾಗಿ, ಮಂಜು ತಿಳಿಯಾಗುತ್ತ ಬಂದಿತ್ತು. ನಡುವಿನ ಪಕ್ಕದಲ್ಲೇ, ಮುಟ್ಟಿಯೂ ಮುಟ್ಟದ ಹಾಗೆ ನಿಂತಿತ್ತು. ನಿಂತಿದೆ ಎಂದರು ಡಾಕ್ಟರ್ ಮೇಡಂ. ಅಮ್ಮ ಅವರನ್ನು ನೇರವಾಗಿ ಕೇಳಿದಳು: ನಾನು ಕೊಟ್ಟಿದ್ದರಿಂದಲೇ ಹಬ್ಬಿತಾ, ನಿಲ್ಲಿಸಿದ್ದರಿಂದಲೇ ನಿಂತಿತಾ? ಇರಬಹುದು, ಇಲ್ಲದೆಯೂ ಇರಬಹುದು, ಈ ಕಾಯಿಲೆ ಕೆಲವರಲ್ಲಿ ತಾನಾಗಿಯೇ ಅಡಗುತ್ತದೆ ಎಂದರು ಅವರು. ಅವರು ಹೇಳಿದ್ದು ಸರಿ. ಹೋಲಿಸಿ ನೋಡಲು ನಮಗೆ ಇನ್ನೊಬ್ಬ ಮಹಾದೇವಕ್ಕ ಇರಲಿಲ್ಲ, ಅದೇ ಕಣ್ಣು, ಅದೇ ಮಳೆಗಾಲ, ಆದರೆ ಕೆಂಪು ಮಾತ್ರೆ ಇಲ್ಲದೆ. ಲ್ಯಾಬಿನಲ್ಲಿ ನನಗೆ ಸದಾ ಪಕ್ಕದಲ್ಲಿ ಒಂದು ಖಾಲಿ ಗಾಜಿನ ಕೊಳವೆ ಇರುತ್ತಿತ್ತು. ಅಮ್ಮನಿಗೆ ಅಂಥದ್ದು ಸಿಗಲಿಲ್ಲ. ತಪ್ಪೂ ರುಜುವಾತಾಗಲಿಲ್ಲ, ತಪ್ಪಿಲ್ಲ ಎಂಬುದೂ ಆಗಲಿಲ್ಲ. ಅವಳು ಅದನ್ನು ಹಾಗೇ ಇಟ್ಟುಕೊಂಡಿದ್ದಾಳೆ.

ಔಷಧಿ ಆ ಜೀವಿಯನ್ನು ಓಡಿಸಿಲ್ಲ. ಎರಡಾಗುತ್ತಿದ್ದವನ್ನು ನಿಲ್ಲಿಸಿತು, ಅಷ್ಟೇ. ಗೂಡಿನೊಳಗೆ ಮಲಗಿದ್ದಕ್ಕೆ ನಕಲು ಮಾಡುವ ಕೆಲಸವೇ ಇಲ್ಲ, ಕಿಣ್ವ ಕಟ್ಟಿಹಾಕಿದರೆ ಅದಕ್ಕೇನು. ಇದು ಮಹಾದೇವಕ್ಕನಿಗೂ ಗೊತ್ತು. ಅವರ ಕಣ್ಣಿನ ಮುಂದೆ, ನಡುವಿಗಿಂತ ಒಂದಿಷ್ಟು ಬಲಕ್ಕೆ, ಒಂದು ಚೂರು ಶಾಶ್ವತವಾಗಿ ಇಲ್ಲ. ಅದಕ್ಕೇ ಈಗ ತಲೆಯನ್ನು ತುಸು ಓರೆ ಮಾಡಿ ಹೊಲಿಯುತ್ತಾರೆ. ಹೊಸ ಗಿರಾಕಿಗಳು ಅದನ್ನು ಠೀವಿ ಎಂದುಕೊಳ್ಳುತ್ತಾರೆ.

ಆ ಭಾನುವಾರ ಮಾತ್ರೆ ನುಂಗಿದ ಮೇಲೆ ಅಮ್ಮ ನನ್ನನ್ನು ಕೆಳಗೆ ಕರೆದುಕೊಂಡು ಹೋದಳು, ಸಡಿಲದ ಒಂದು ಕುರ್ತಾಕ್ಕೆ ಅಳತೆ ಕೊಡಲು. ಮಹಾದೇವಕ್ಕ ಟೇಪು ಸುತ್ತಿ, ಹೊಟ್ಟೆಯ ಹತ್ತಿರ ಅದನ್ನು ಸಡಿಲ ಬಿಟ್ಟು, ಮಗುವಿನ ತಲೆ ಯಾವ ಕಡೆ ಎಂದು ಕೇಳಿ ನಕ್ಕರು. ಬಟ್ಟೆಯನ್ನು ಮೇಜಿನ ಮೇಲೆ ಹರವಿ, ತಲೆ ಓರೆ ಮಾಡಿ, ಸೀಮೆಸುಣ್ಣದಿಂದ ಪಕ್ಕದ ಗೆರೆ ಎಳೆಯತೊಡಗಿದರು. ಕಂಕುಳಿನಿಂದ ನೆಟ್ಟಗೆ ಇಳಿದ ಗೆರೆ ನಡುವಿನ ಹತ್ತಿರ ಹೊರಕ್ಕೆ ಬಾಗತೊಡಗಿತು. ಸ್ಕೇಲು ಪಕ್ಕದಲ್ಲೇ ಇತ್ತು, ಅವರು ಮುಟ್ಟಿರಲಿಲ್ಲ. ನಾನು ಅಮ್ಮನ ಮುಖ ನೋಡಿದೆ. ಅವಳೂ ಗೆರೆಯನ್ನೇ ನೋಡುತ್ತಿದ್ದಳು. ಅವಳ ಕೈ ಮೇಜಿನ ಅಂಚನ್ನು ಹಿಡಿದಿತ್ತು. ಸೀಮೆಸುಣ್ಣ ಇನ್ನಷ್ಟು ಬಾಗಿತು.

"ಮಹಾದೇವಿ," ಎಂದಳು ಅಮ್ಮ, "ಗೆರೆ ಬಾಗ್ತಾ ಇದೆ."

"ಬಾಗಿಸಾಕತ್ತೇನ್ರಿ." ಅವರು ತಲೆ ಎತ್ತಲಿಲ್ಲ. "ಕೂಸಿಗೆ ಜಾಗ ಬ್ಯಾಡೇನು?"

ಅಮ್ಮ ಮೇಜಿನ ಅಂಚು ಬಿಟ್ಟಳು. ಆದರೂ ಸ್ವಲ್ಪ ಹೊತ್ತಿನ ಮೇಲೆ, ಬೇರೆ ಯಾವುದೋ ಮಾತಿನ ನಡುವೆ ಎಂಬಂತೆ, ಬೆಳಗ್ಗೆ ಶಟರ್ ನೋಡಿಕೊಂಡೆಯಾ ಎಂದು ಕೇಳಿದಳು. ಮಹಾದೇವಕ್ಕ ಸೀಮೆಸುಣ್ಣ ಕೆಳಗಿಟ್ಟು, ಬಿಳಿ ಪುಡಿ ಮೆತ್ತಿದ ತೋರುಬೆರಳನ್ನು ಅಮ್ಮನ ಮುಂದೆ ಎತ್ತಿ ಹಿಡಿದರು. ನೆಟ್ಟಗಿತ್ತು. ತುದಿಯಲ್ಲಿ ಮಾತ್ರ ಅದೇ ಹಳೆಯ ಸಣ್ಣ ಬಾಗು, ಅದಕ್ಕಿಂತ ಹೆಚ್ಚಿಲ್ಲ.